ಹಿಂದಿನ ದಿನ ಕೊನೆಯ ಸ್ಥಾನ, ಮರುದಿನ ಚಿನ್ನ: ಒಣ ನಾಡಿನ ನಾಲ್ವರು ನೀರಲ್ಲಿ ಗೆದ್ದ ಕತೆ

ಇವತ್ತಿನ ಕತೆ ಶುರುಮಾಡೋ ಮೊದಲು ಒಂದು ತಪ್ಪೊಪ್ಪಿಗೆ ಇದೆ. 2018ರ ಆಗಸ್ಟ್ 24, ಶುಕ್ರವಾರ. ಏಷ್ಯನ್ ಗೇಮ್ಸ್ ನಡೀತಾ ಇತ್ತು. ಅವತ್ತು ನಾನು ಮೊಬೈಲ್ ಹಿಡಿದು ಕೂತಿದ್ದು ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಪಂದ್ಯಕ್ಕೋಸ್ಕರ. ಟೆನಿಸ್ ಡಬಲ್ಸ್ ಫೈನಲ್. ಬೋಪಣ್ಣ ಮತ್ತು ದಿವಿಜ್ ಶರಣ್ ಜೋಡಿ ಕಜಕಿಸ್ತಾನದ ಜೋಡಿಯನ್ನು 6-3, 6-4ರಿಂದ ಸೋಲಿಸಿ ಚಿನ್ನ ಗೆದ್ದಿತು. ನಾನು ಆ ಫೋಟೊವನ್ನು ಸ್ಟೇಟಸ್‌ಗೆ ಹಾಕಿದೆ, ಖುಷಿಪಟ್ಟೆ, ಮಲಗಿದೆ.

ಅದೇ ದಿನ, ಅದೇ ಊರಲ್ಲಿ, ಅದೇ ಕ್ರೀಡಾ ಆವರಣದಲ್ಲಿ ಭಾರತಕ್ಕೆ ಇನ್ನೊಂದು ಚಿನ್ನ ಬಂದಿತ್ತು. ಟೆನಿಸ್ ಕೋರ್ಟ್ ಇದ್ದ ಜಾಗಕ್ಕೆ ಹತ್ತಿರದಲ್ಲೇ ಒಂದು ಕೆರೆ. ಅದರಲ್ಲಿ ನಾಲ್ಕು ಜನ ಭಾರತೀಯ ಸೈನಿಕರು ಒಂದು ಉದ್ದನೆಯ ದೋಣಿಯಲ್ಲಿ ಕೂತು, 2000 ಮೀಟರ್ ದೂರವನ್ನು 6 ನಿಮಿಷ 17.13 ಸೆಕೆಂಡಲ್ಲಿ ಮುಗಿಸಿ, ಎಲ್ಲರಿಗಿಂತ ಮುಂದೆ ಹೋಗಿದ್ದರು. ಪುರುಷರ ಕ್ವಾಡ್ರಪಲ್ ಸ್ಕಲ್ಸ್. ನನಗೆ ಆ ಹೆಸರೇ ಅವತ್ತು ಗೊತ್ತಿರಲಿಲ್ಲ. ಪದಕ ಪಟ್ಟಿಯಲ್ಲಿ 'ರೋಯಿಂಗ್, 1' ಅಂತ ಒಂದು ಅಂಕಿ ನೋಡಿ ಸ್ಕ್ರೋಲ್ ಮಾಡಿಬಿಟ್ಟಿದ್ದೆ.

ಈ ಸಂಚಿಕೆ ಆ ಅಂಕಿಯ ಹಿಂದಿನ ಕತೆ. ಇದರಲ್ಲಿ ಚಿನ್ನ ಇದೆ, ಜ್ವರ ಇದೆ, ಎರಡು ವರ್ಷದ ನಿಷೇಧ ಇದೆ. ನೂರು ವರ್ಷ ಹಿಂದೆ ಇಟ್ಟಿಗೆ ಕಟ್ಟುತ್ತಿದ್ದ ಒಬ್ಬ ಅಮೆರಿಕನ್ನನೂ ಇದ್ದಾನೆ. ಬನ್ನಿ.

ಮೊದಲು, ಇದು ಯಾವ ಆಟ?

ನಮಗೆ ದೋಣಿ ಅಂದ್ರೆ ನೆನಪಾಗೋದು ಏನು? ಹಂಪಿ ಹತ್ತಿರ ತುಂಗಭದ್ರೆಯಲ್ಲಿ ತಿರುಗೋ ಹರಿಗೋಲು. ಅಂಬಿಗ ಒಂದೇ ಹುಟ್ಟು ಹಿಡಿದು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹಾಕ್ತಾನೆ. ಮುಂದೆ ನೋಡ್ಕೊಂಡೇ ಹೋಗ್ತಾನೆ. ಸ್ಪರ್ಧೆಯ ರೋಯಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಆಟಗಾರರು ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂರ್ತಾರೆ. ಗುರಿ ಕಾಣಲ್ಲ, ಹಿಂದೆ ಬಿದ್ದವರು ಮಾತ್ರ ಕಾಣ್ತಾರೆ. ಮುಂದಿದ್ದವನಿಗೆ ಎದುರಾಳಿಗಳೆಲ್ಲ ಕಣ್ಣೆದುರೇ ಇರ್ತಾರೆ, ಹಿಂದಿದ್ದವನಿಗೆ ಖಾಲಿ ನೀರು.

ಇದರಲ್ಲಿ ಎರಡು ಬಗೆ. ಒಬ್ಬೊಬ್ಬರು ಒಂದೊಂದು ಉದ್ದದ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದರೆ ಅದು ಸ್ವೀಪ್. ಒಬ್ಬೊಬ್ಬರು ಎಡಕ್ಕೊಂದು ಬಲಕ್ಕೊಂದು, ಎರಡು ಹುಟ್ಟು ಹಿಡಿದರೆ ಅದು ಸ್ಕಲ್ಲಿಂಗ್. ಒಬ್ಬರೇ ಇದ್ದರೆ ಸಿಂಗಲ್, ಇಬ್ಬರಿದ್ದರೆ ಡಬಲ್, ನಾಲ್ವರಿದ್ದರೆ ಕ್ವಾಡ್. ಅಂದ್ರೆ ಕ್ವಾಡ್‌ನಲ್ಲಿ ನಾಲ್ಕು ಜನ, ಎಂಟು ಹುಟ್ಟು. ದೋಣಿ ಸುಮಾರು 13 ಮೀಟರ್ ಉದ್ದ, ಆದರೆ ಕನಿಷ್ಠ ತೂಕ ಬರೀ 52 ಕೆಜಿ. ಒಂದು ಅಕ್ಕಿ ಮೂಟೆಯಷ್ಟು ಅಂದ್ಕೊಳ್ಳಿ. ಅದರ ಮೇಲೆ ನಾಲ್ವರು ಆರಡಿ ಆಳುಗಳು.

ದಿಕ್ಕು ಹೇಳೋಕೆ, ಕೂಗಿ ಹುರಿದುಂಬಿಸೋಕೆ ಬೇರೆ ಯಾರೂ ಇರಲ್ಲ. ನಾಲ್ವರಲ್ಲೇ ಒಬ್ಬರು ಪಾದವನ್ನು ತಿರುಗಿಸಿ ಚುಕ್ಕಾಣಿ ಆಡಿಸ್ತಾರೆ. ಕೂರೋ ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತೆ. ನೋಡೋರಿಗೆ ಕೈಯ ಆಟ ಅನ್ನಿಸುತ್ತೆ, ಆದರೆ ಶಕ್ತಿಯ ದೊಡ್ಡ ಪಾಲು ಬರೋದು ತೊಡೆ, ಕಾಲುಗಳಿಂದ. ಮಂಡಿ ಮಡಚಿ ಮುಂದೆ ಜಾರೋದು, ಹುಟ್ಟು ನೀರಿಗೆ ಹಾಕೋದು, ಕಾಲಿನಿಂದ ಒದ್ದು ಹಿಂದಕ್ಕೆ ಎಳೆಯೋದು, ಹುಟ್ಟು ಎತ್ತೋದು. 2000 ಮೀಟರ್ ಮುಗಿಯೋದರೊಳಗೆ ಇದನ್ನ ಸುಮಾರು 220ರಿಂದ 240 ಸಲ ಮಾಡಬೇಕು. ಎಂಟೂ ಹುಟ್ಟು ಒಂದೇ ಕ್ಷಣಕ್ಕೆ ನೀರಿಗೆ ಬೀಳಬೇಕು, ಒಂದೇ ಕ್ಷಣಕ್ಕೆ ಏಳಬೇಕು. ಒಬ್ಬ ಕಣ್ಣು ಮಿಟುಕಿಸೋವಷ್ಟು ತಡ ಮಾಡಿದರೂ ದೋಣಿ ತಡವರಿಸುತ್ತೆ, ಉಳಿದ ಮೂವರ ಬೆನ್ನಿಗೆ ಅದು ಗೊತ್ತಾಗುತ್ತೆ.

ಇದನ್ನ ಬರೆಯೋಕೆ ಮುಂಚೆ ನಮ್ಮ ಏರಿಯಾದ ಜಿಮ್‌ನಲ್ಲಿ ಮೂಲೆಗೆ ಬಿದ್ದಿದ್ದ ರೋಯಿಂಗ್ ಮೆಷಿನ್ ಮೇಲೆ ನಾನೂ 2000 ಮೀಟರ್ ಟ್ರೈ ಮಾಡಿದೆ. ಹತ್ತು ನಿಮಿಷದ ಮೇಲಾಯ್ತು. ನೀರಿಲ್ಲ, ಗಾಳಿ ಇಲ್ಲ, ಪಕ್ಕದಲ್ಲಿ ಎದುರಾಳಿ ಇಲ್ಲ, ತಲೆ ಮೇಲೆ ಫ್ಯಾನ್ ಬೇರೆ ತಿರುಗ್ತಾ ಇತ್ತು. ಆದರೂ ಮುಗಿಸಿ ಎದ್ದಾಗ ಕಾಲು ನನ್ನದೇ ಅನ್ನಿಸಲಿಲ್ಲ. ಆ ಹುಡುಗರು 6 ನಿಮಿಷ 17 ಸೆಕೆಂಡಲ್ಲಿ ಮುಗಿಸಿದ್ದು ಅಂದ್ರೆ ಗಂಟೆಗೆ ಸುಮಾರು 19 ಕಿಲೋಮೀಟರ್ ವೇಗ. ಟ್ರಾಫಿಕ್‌ನಲ್ಲಿ ನಮ್ಮ ಸ್ಕೂಟರ್ ಎಷ್ಟೋ ದಿನ ಅಷ್ಟು ಓಡಲ್ಲ.

ಯಾರ ಆಟ ಆಗಿತ್ತು ಇದು?

ಭಾರತಕ್ಕೆ ರೋಯಿಂಗ್ ತಂದವರು ಬ್ರಿಟಿಷರು. ಕಲ್ಕತ್ತಾ ರೋಯಿಂಗ್ ಕ್ಲಬ್ ಹುಟ್ಟಿದ್ದು 1858ರಲ್ಲಿ, ಮದ್ರಾಸ್ ಬೋಟ್ ಕ್ಲಬ್ 1867ರಲ್ಲಿ. ನದಿ ದಡದ ಬಂಗಲೆ, ಸಂಜೆಯ ಚಹಾ, ಬಿಳಿ ಬಟ್ಟೆಯ ಸಾಹೇಬರು. ನಮ್ಮ ಅಂಬಿಗರು, ಬೆಸ್ತರು ಸಾವಿರಾರು ವರ್ಷದಿಂದ ಹುಟ್ಟು ಹಾಕ್ತಾ ಇದ್ದರು, ಆದರೆ ಅದು ಕೆಲಸ. ಸಾಹೇಬರು ಹುಟ್ಟು ಹಾಕಿದರೆ ಅದು ಕ್ರೀಡೆ.

ಇದು ನನ್ನ ಕೊಂಕಲ್ಲ. ಇಂಗ್ಲೆಂಡಲ್ಲಿ ಇದು ಬರೆದಿಟ್ಟ ನಿಯಮವೇ ಆಗಿತ್ತು. ಥೇಮ್ಸ್ ನದಿಯ ಮೇಲೆ ನಡೆಯೋ ಹೆನ್ಲಿ ರೆಗಾಟಾ, ಈ ಆಟದ ಅತ್ಯಂತ ಪ್ರತಿಷ್ಠಿತ ಕೂಟ. ಕೂಲಿ ಕೆಲಸ, ಕುಶಲಕರ್ಮಿ ಕೆಲಸ ಮಾಡಿದವರು ಅಲ್ಲಿ ಹವ್ಯಾಸಿ ಆಟಗಾರ ಅಂತ ಅನ್ನಿಸಿಕೊಳ್ಳುವ ಹಾಗೇ ಇರಲಿಲ್ಲ. ಮೈಬಗ್ಗಿಸಿ ದುಡಿದವನಿಗೆ ಮೈಕಟ್ಟು ಜಾಸ್ತಿ, ಅವನ ಜೊತೆ ಜಂಟಲ್‌ಮನ್ ಸ್ಪರ್ಧೆ ಮಾಡೋದು ನ್ಯಾಯವಲ್ಲ ಅನ್ನೋದು ವಾದ. ಒಳಗಿನ ಕಾರಣ ಏನು ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರ ಪಕ್ಕ ಯಾರು ಕೂರಬೇಕು ಅನ್ನೋ ಲೆಕ್ಕ ನಮಗೂ ಚೆನ್ನಾಗಿ ಗೊತ್ತು.

1920ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಜಾನ್ ಕೆಲ್ಲಿ ಅನ್ನೋರು ಹೆನ್ಲಿಗೆ ಅರ್ಜಿ ಹಾಕಿದರು. ಕೆಲ್ಲಿ ಇಟ್ಟಿಗೆ ಕಟ್ಟೋ ಕೆಲಸ ಮಾಡಿದವರು. ಅರ್ಜಿ ತಿರಸ್ಕಾರ ಆಯ್ತು. ಅವರ ಕ್ಲಬ್ ಮೇಲೆ ಹಳೆಯ ನಿಷೇಧ ಇದ್ದದ್ದು ಒಂದು ಕಾರಣ, ಕೈಕೆಲಸ ಮಾಡಿದ್ದು ಇನ್ನೊಂದು. ಅದೇ ಬೇಸಿಗೆಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್ ಸಿಂಗಲ್ ಸ್ಕಲ್ಸ್ ಫೈನಲ್‌ನಲ್ಲಿ ಕೆಲ್ಲಿ ಸೋಲಿಸಿದ್ದು ಇಂಗ್ಲೆಂಡಿನ ಜಾಕ್ ಬೆರೆಸ್‌ಫರ್ಡ್ ಅವರನ್ನು. ಅಷ್ಟಕ್ಕೇ ನಿಲ್ಲಲಿಲ್ಲ. ಸುಮಾರು ಅರ್ಧ ಗಂಟೆ ಬಿಟ್ಟು, ತಮ್ಮ ಕಸಿನ್ ಪಾಲ್ ಕಾಸ್ಟೆಲ್ಲೊ ಜೊತೆ ಡಬಲ್ ಸ್ಕಲ್ಸ್ ಚಿನ್ನವನ್ನೂ ಗೆದ್ದರು. ಮುಂದೆ ಇವರ ಮಗಳು ಗ್ರೇಸ್ ಕೆಲ್ಲಿ ಹಾಲಿವುಡ್ ನಟಿಯಾಗಿ, ಮೊನಾಕೊ ರಾಜಕುಮಾರಿಯಾದರು. ಮಗ ಅದೇ ಹೆನ್ಲಿಯಲ್ಲಿ 1947ರಲ್ಲಿ ಗೆದ್ದ. ಕೂಲಿಯವರನ್ನು ಹೊರಗಿಡುವ ನಿಯಮ 1930ರ ದಶಕದ ಕೊನೆಗೆ ಹೋಯ್ತು.

ಈ ಕತೆಯ ಎರಡು ವಿಷಯ ನೆನಪಿಟ್ಟುಕೊಳ್ಳಿ. ಒಂದು, ಮೈಮುರಿದು ದುಡಿದವನಿಗೆ ಇಲ್ಲಿ ಜಾಗ ಇರಲಿಲ್ಲ. ಎರಡು, ಒಬ್ಬನೇ ಆಟಗಾರ ಒಂದೇ ಕೂಟದಲ್ಲಿ ಒಂಟಿಯಾಗಿಯೂ ತಂಡದ ಜೊತೆಗೂ ಸ್ಪರ್ಧಿಸಬಹುದು. ಎರಡೂ ಪಾಲೆಂಬಾಂಗ್‌ಗೆ ವಾಪಸ್ ಬರುತ್ತವೆ.

ನಾಲ್ವರ ಸ್ಕಲ್ಲಿಂಗ್ ಅನ್ನೋದು ದೊಡ್ಡ ಕೂಟಗಳಿಗೆ ಬಂದದ್ದು ತಡವಾಗಿ. ವಿಶ್ವ ಚಾಂಪಿಯನ್‌ಷಿಪ್‌ಗೆ 1974ರಲ್ಲಿ, ಒಲಿಂಪಿಕ್ಸ್‌ಗೆ 1976ರ ಮಾಂಟ್ರಿಯಲ್‌ನಲ್ಲಿ. ಮೊದಲ ಒಲಿಂಪಿಕ್ ಚಿನ್ನ ಪೂರ್ವ ಜರ್ಮನಿಗೆ. 1980ರಲ್ಲೂ ಅವರೇ. ಹುಡುಗರನ್ನ ಚಿಕ್ಕವರಿದ್ದಾಗಲೇ ಎತ್ತರ, ತೋಳುದ್ದ ಅಳೆದು ಆರಿಸಿ, ಸರ್ಕಾರಿ ಖರ್ಚಲ್ಲಿ ತಯಾರು ಮಾಡುತ್ತಿದ್ದ ದೇಶ ಅದು. ಕ್ಲಬ್ಬಿನ ಆಟ ಅಲ್ಲಿಗೆ ಸರ್ಕಾರದ ಆಟವಾಯ್ತು. ಭಾರತದಲ್ಲಿ ಆ ಕೆಲಸ ಮಾಡಿದ್ದು ಸೇನೆ.

ಒಣ ನೆಲದ ಹುಡುಗರು

ಏಷ್ಯನ್ ಗೇಮ್ಸ್‌ಗೆ ರೋಯಿಂಗ್ ಮೊದಲ ಸಲ ಸೇರಿದ್ದು 1982ರಲ್ಲಿ, ದೆಹಲಿಯಲ್ಲಿ ನಡೆದಾಗ. ಆದರೆ ಸ್ಪರ್ಧೆ ನಡೆದದ್ದು ರಾಜಸ್ಥಾನದ ಜೈಪುರ ಹತ್ತಿರದ ರಾಮಗಢ ಕೆರೆಯಲ್ಲಿ. ಜೈಪುರಕ್ಕೆ ಕುಡಿಯೋ ನೀರು ಕೊಡ್ತಿದ್ದ ದೊಡ್ಡ ಕೆರೆ ಅದು. ಆಮೇಲಿನ ವರ್ಷಗಳಲ್ಲಿ ಆ ಕೆರೆ ಬತ್ತಿಹೋಯ್ತು. ದೇಶದ ಮೊದಲ ಏಷ್ಯನ್ ರೋಯಿಂಗ್ ನಡೆದ ಜಾಗದಲ್ಲಿ ನೀರೇ ಇಲ್ಲದ ಹಾಗಾಯ್ತು. ನಮ್ಮ ಕೆರೆಗಳ ಕತೆ ಗೊತ್ತಿರೋರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಆಶ್ಚರ್ಯ ಇರೋದು ಬೇರೆ ಕಡೆ. ಸಮುದ್ರ ಇರೋ ರಾಜ್ಯಗಳು, ಹಿನ್ನೀರು ಇರೋ ರಾಜ್ಯಗಳು ಇರುವಾಗ, ಭಾರತಕ್ಕೆ ಏಷ್ಯನ್ ಗೇಮ್ಸ್ ರೋಯಿಂಗ್‌ನ ಮೊದಲ ಚಿನ್ನ ತಂದವರು ಮರಳುಗಾಡಿನ ಅಂಚಿನ ಸೀಕರ್ ಜಿಲ್ಲೆಯ ಬಜರಂಗ್ ಲಾಲ್ ತಾಖರ್. 2010, ಗುವಾಂಗ್‌ಝೌ, ಸಿಂಗಲ್ ಸ್ಕಲ್ಸ್. ಅವರೂ ಸೈನಿಕರು. 2018ರ ಆ ನಾಲ್ವರ ಊರುಗಳನ್ನೂ ನೋಡಿ. ಸವರ್ಣ ಸಿಂಗ್ ಮತ್ತು ಸುಖ್‌ಮೀತ್ ಸಿಂಗ್, ಇಬ್ಬರೂ ಪಂಜಾಬಿನ ಮಾನಸಾ ಜಿಲ್ಲೆಯವರು, ಹತ್ತಿ ಬೆಳೆಯೋ ಸೀಮೆ. ಓಂ ಪ್ರಕಾಶ್ ರಾಜಸ್ಥಾನದ ಝುಂಝುನು ಕಡೆಯವರು. ನಾಲ್ಕನೆಯವರು ದತ್ತು ಬಬನ್ ಭೋಕನಳ್, ಮಹಾರಾಷ್ಟ್ರದ ನಾಸಿಕ್ ಜಿಲ್ಲೆ, ಚಾಂದವಡ ತಾಲೂಕಿನ ತಳೇಗಾಂವ್ ರೋಹಿ. ಬರಕ್ಕೆ ಹೆಸರಾದ ಊರು.

ನಾಲ್ವರನ್ನೂ ನೀರಿಗೆ ತಂದದ್ದು ಸೇನೆ. ಸೇನೆಗೂ ದೋಣಿಗೂ ಹಳೆಯ ನಂಟು. ಎಂಜಿನಿಯರ್ ಪಡೆಗಳ ಕೆಲಸವೇ ನದಿಗೆ ಸೇತುವೆ ಹಾಕೋದು, ಪಡೆಯನ್ನು ದಾಟಿಸೋದು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರ ಇದೆಯಲ್ಲ, ಅದರ ಹಾಗೆಯೇ ಪುಣೆಯ ಖಡಕಿಯಲ್ಲಿ ಬಾಂಬೆ ಎಂಜಿನಿಯರ್ ಗ್ರೂಪ್ ಇದೆ. ಅದೇ ಪುಣೆಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್ ಆವರಣದಲ್ಲಿ ಸೇನೆಯ ರೋಯಿಂಗ್ ಕೇಂದ್ರ. ಪಡೆಗೆ ಸೇರಿದ ಹುಡುಗರಲ್ಲಿ ಎತ್ತರ ಇರೋರು, ಉಸಿರು ಗಟ್ಟಿ ಇರೋರನ್ನ ನೋಡಿ ಅಲ್ಲಿಗೆ ಕಳಿಸ್ತಾರೆ. ಈಜು ಬರಲ್ಲ ಅಂದ್ರೆ ಕಲಿಸ್ತಾರೆ. ಊಟ ಕೊಡ್ತಾರೆ, ಸಂಬಳ ಬರುತ್ತೆ. ಬಡ ಮನೆಯ ಹುಡುಗನಿಗೆ ಲಕ್ಷಾಂತರ ರೂಪಾಯಿಯ ದೋಣಿ ಸಿಗೋ ದಾರಿ ನಮ್ಮಲ್ಲಿ ಇದೊಂದೇ ಅನ್ನೋ ಹಾಗಿದೆ.

ದತ್ತು ಚಿಕ್ಕವರಿದ್ದಾಗ ಅಪ್ಪನ ಜೊತೆ ಬಾವಿ ತೋಡೋ ಕೆಲಸ ಮಾಡಿದವರು. ಸ್ವಲ್ಪ ಯೋಚನೆ ಮಾಡಿ. ನೀರಿಗಾಗಿ ನೆಲ ಅಗೆಯೋ ಕೆಲಸ. 2011ರಲ್ಲಿ ಅಪ್ಪ ಕ್ಯಾನ್ಸರ್‌ನಿಂದ ತೀರಿಕೊಂಡರು. ಓದಿನ ಜೊತೆ ಪೆಟ್ರೋಲ್ ಬಂಕ್‌ನಲ್ಲಿ ಕೆಲಸ ಮಾಡಿ ಮನೆ ನೋಡಿಕೊಂಡರು. 2012ರಲ್ಲಿ ಸೇನೆ ಸೇರಿದರು, ಅಲ್ಲಿ ಅವರ ಎತ್ತರ ಕಣ್ಣಿಗೆ ಬಿತ್ತು. ನಾಲ್ಕೇ ವರ್ಷಕ್ಕೆ, 2016ರಲ್ಲಿ, ರಿಯೊ ಒಲಿಂಪಿಕ್ಸ್‌ಗೆ ಹೋದ ಏಕೈಕ ಭಾರತೀಯ ರೋಯರ್ ಅವರೇ. ಆ ಹೊತ್ತಲ್ಲಿ ಊರಲ್ಲಿ ಅಮ್ಮ ತಲೆಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದರು. ರಿಯೊದಲ್ಲಿ ದತ್ತು ಫೈನಲ್ ಸಿ ಗೆದ್ದರು, ಒಟ್ಟಾರೆ 13ನೇ ಸ್ಥಾನ. ಸಮಯ 6 ನಿಮಿಷ 54.96 ಸೆಕೆಂಡ್.

ಹೆನ್ಲಿಯ ಹಳೇ ನಿಯಮದ ಪ್ರಕಾರ ಬಾವಿ ತೋಡಿದ ಈ ಮನುಷ್ಯ ದಡದಲ್ಲೇ ನಿಲ್ಲಬೇಕಿತ್ತು.

ಸವರ್ಣ ಅವರ ಕತೆಯೂ ಸಣ್ಣದಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಆಡಿದವರು, 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದವರು. ಆಮೇಲೆ ಬೆನ್ನಿನ ಗಾಯ. ರೋಯರ್‌ಗೆ ಬೆನ್ನು ಕೈಕೊಟ್ಟರೆ ಬೌಲರ್‌ಗೆ ಭುಜ ಕೈಕೊಟ್ಟ ಹಾಗೆ. ವಾಪಸ್ ಬಂದು, ಈಗ ನಾಲ್ವರ ದೋಣಿಯಲ್ಲಿ ಹಿರಿಯಣ್ಣನ ಜಾಗದಲ್ಲಿ ಕೂತಿದ್ದರು. ಮುಖ್ಯ ಕೋಚ್, ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಇಸ್ಮಾಯಿಲ್ ಬೇಗ್.

ಆಗಸ್ಟ್ 23 ಮತ್ತು 24

ಇಂಡೋನೇಷ್ಯಾದ ಸುಮಾತ್ರಾ ದ್ವೀಪ, ಪಾಲೆಂಬಾಂಗ್ ನಗರ, ಜಕಬಾರಿಂಗ್ ಕೆರೆ. ಸೆಕೆ, ಮೈಗೆ ಅಂಟೋ ಗಾಳಿ. ಮಂಗಳೂರಿನ ಮೇ ತಿಂಗಳು ಗೊತ್ತಿದ್ದವರಿಗೆ ಅಂದಾಜು ಸಿಗುತ್ತೆ.

ಆಗಸ್ಟ್ 23, ಗುರುವಾರ. ಸಿಂಗಲ್ ಸ್ಕಲ್ಸ್ ಫೈನಲ್. ದತ್ತು ಮೇಲೆ ಎಲ್ಲರ ಕಣ್ಣು. ಒಲಿಂಪಿಕ್ಸ್ ಆಡಿ ಬಂದವರು, ಪದಕ ಗ್ಯಾರಂಟಿ ಅನ್ನೋ ಲೆಕ್ಕ. ಆದರೆ ದತ್ತು ಆರನೆಯವರಾಗಿ, ಅಂದ್ರೆ ಕೊನೆಯವರಾಗಿ ಬಂದರು. ಮೈ ಹುಷಾರಿರಲಿಲ್ಲ ಅಂತ ಸುದ್ದಿ ಬಂತು. ಅವತ್ತು ಭಾರತದ ರೋಯಿಂಗ್ ತಂಡಕ್ಕೆ ಒಂದೂ ಪದಕ ಬರಲಿಲ್ಲ.

ಈಗ ಆ ರಾತ್ರಿಯನ್ನ ಊಹಿಸಿಕೊಳ್ಳಿ. ಕ್ವಾಡ್ ದೋಣಿಯಲ್ಲಿ ದತ್ತು ಕೂರಲೇಬೇಕು. ಮರುದಿನವೇ ಫೈನಲ್. ಒಂಟಿ ದೋಣಿಯಲ್ಲಿ ನಿಂತುಹೋದರೆ ಸೋಲೋದು ಒಬ್ಬ. ನಾಲ್ವರ ದೋಣಿಯಲ್ಲಿ ಒಬ್ಬನ ಕೈ ಸೋತರೆ, ಮೂವರ ನಾಲ್ಕು ವರ್ಷದ ಬೆವರು ನೀರುಪಾಲು. ಮೂವರ ಕಣ್ಣಲ್ಲೂ ಪ್ರಶ್ನೆ ಇದ್ದೇ ಇರುತ್ತೆ, ಕೇಳಲಿ ಬಿಡಲಿ.

ಆಗಸ್ಟ್ 24, ಬೆಳಗ್ಗೆ. ಮೊದಲ ಪದಕ ದುಷ್ಯಂತ್ ಚೌಹಾಣ್ ಅವರಿಂದ, ಲೈಟ್‌ವೇಟ್ ಸಿಂಗಲ್ಸ್‌ನಲ್ಲಿ ಕಂಚು. ಮುಗಿಸಿದ ಮೇಲೆ ನಿಲ್ಲೋಕೂ ಆಗದೆ ಸ್ಟ್ರೆಚರ್ ಮೇಲೆ ಹೋಗಬೇಕಾಯ್ತು. ಆಮೇಲೆ ಲೈಟ್‌ವೇಟ್ ಡಬಲ್ಸ್‌ನಲ್ಲಿ ರೋಹಿತ್ ಕುಮಾರ್ ಮತ್ತು ಭಗವಾನ್ ಸಿಂಗ್, ಇನ್ನೊಂದು ಕಂಚು. ಆಮೇಲೆ ಕ್ವಾಡ್.

ಸವರ್ಣ, ದತ್ತು, ಓಂ ಪ್ರಕಾಶ್, ಸುಖ್‌ಮೀತ್. 6:17.13. ಆತಿಥೇಯ ಇಂಡೋನೇಷ್ಯಾ ಎರಡನೇದು, 6:20.58. ಥಾಯ್ಲೆಂಡ್ ಮೂರನೇದು, 6:22.41. ಮೂರೂವರೆ ಸೆಕೆಂಡ್ ಅಂತರ ಕೇಳೋಕೆ ಸಣ್ಣದು. ಆ ವೇಗದಲ್ಲಿ ಅದು ಸುಮಾರು 18 ಮೀಟರ್. ಅಂದ್ರೆ ಒಂದು ಇಡೀ ದೋಣಿಯ ಉದ್ದಕ್ಕಿಂತ ಜಾಸ್ತಿ. ಗೆರೆ ದಾಟುವಾಗ ನಮ್ಮವರ ದೋಣಿಗೂ ಅವರ ದೋಣಿಗೂ ನಡುವೆ ಖಾಲಿ ನೀರು ಕಾಣ್ತಾ ಇತ್ತು.

ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ರೋಯಿಂಗ್‌ಗೆ ಅದು ಎರಡನೇ ಚಿನ್ನ. ತಂಡ ಸ್ಪರ್ಧೆಯಲ್ಲಿ ಮೊದಲನೆಯದು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ವಾಟ್ಸಾಪ್ ಫಾರ್ವರ್ಡ್ ಆಗುತ್ತಿತ್ತು. ಸೋತವನು ಮರುದಿನ ಗೆದ್ದ, ಕೆಳಗೆ ತ್ರಿವರ್ಣ ಎಮೋಜಿ, ಮುಗೀತು. ಆದರೆ ಕತೆ ಮುಗಿಯಲಿಲ್ಲ.

ಗೆದ್ದದ್ದೇ ಸಾಕ್ಷಿ ಆದಾಗ

2019ರ ಮಾರ್ಚ್. ಚಿನ್ನ ಗೆದ್ದು ಏಳು ತಿಂಗಳು. ಭಾರತೀಯ ರೋಯಿಂಗ್ ಫೆಡರೇಷನ್ ದತ್ತು ಅವರ ಮೇಲೆ ಎರಡು ವರ್ಷದ ನಿಷೇಧ ಹೇರಿತು. ಕಾರಣ ಆಗಸ್ಟ್ 23ರ ಆ ರೇಸ್. ಸಿಂಗಲ್ಸ್ ಫೈನಲ್‌ನಲ್ಲಿ ದತ್ತು ಬೇಕಂತಲೇ ಮಧ್ಯೆ ಹುಟ್ಟು ಹಾಕೋದನ್ನ ನಿಲ್ಲಿಸಿದರು, ದೇಶಕ್ಕೆ ಮುಜುಗರ ತಂದರು ಅನ್ನೋದು ಆರೋಪ. ದತ್ತು ಹೇಳಿದ್ದು, ನನಗೆ ಮೈ ಹುಷಾರಿರಲಿಲ್ಲ ಅಂತ.

ಫೆಡರೇಷನ್ ಕಡೆಯಿಂದ ನೋಡಿದರೆ ಅನುಮಾನ ಬರೋದು ಸಹಜ. ಇವತ್ತು ಕೈ ಎತ್ತದ ಮನುಷ್ಯ ನಾಳೆ ಚಿನ್ನ ಗೆಲ್ಲೋಷ್ಟು ಗಟ್ಟಿ ಹೇಗಾದ? ಸಿಂಗಲ್ಸ್ ಕೈಬಿಟ್ಟು ಕ್ವಾಡ್‌ಗೆ ಶಕ್ತಿ ಉಳಿಸಿಕೊಂಡನಾ? ದೇಶದ ಬಟ್ಟೆ ತೊಟ್ಟು ಗೆರೆಗೆ ಹೋದ ಮೇಲೆ, ಮುಗಿಸೋದು ಆಟಗಾರನ ಜವಾಬ್ದಾರಿ. ಇದು ತಪ್ಪು ವಾದ ಅಂತ ತಳ್ಳಿಹಾಕೋಕೆ ಆಗಲ್ಲ.

ದತ್ತು ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. ಫೈನಲ್ ಅನ್ನೋದು ಒಂದೇ ರೇಸ್ ಅಲ್ಲ, ಅದಕ್ಕೆ ಮುಂಚೆ ಹೀಟ್ಸ್ ಇರುತ್ತೆ. ಎರಡು ಸ್ಪರ್ಧೆಗೆ ಹೆಸರು ಕೊಟ್ಟರೆ ಆ ಹೊರೆ ಹೆಚ್ಚುತ್ತೆ. ಆ ಸೆಕೆಯಲ್ಲಿ ಗಟ್ಟಿಮುಟ್ಟಾದ ದುಷ್ಯಂತ್ ಅಂಥವರೇ ಸ್ಟ್ರೆಚರ್ ಸೇರಿದರು. ಮೈಯಲ್ಲಿ ನೀರಿನಂಶ ಇಲ್ಲದೆ ಕುಸಿದವನು ರಾತ್ರಿಯೆಲ್ಲ ನೀರು, ಔಷಧಿ, ನಿದ್ದೆ ಸಿಕ್ಕರೆ ಮರುದಿನ ಆರು ನಿಮಿಷ ನಿಲ್ಲಬಲ್ಲ. ಜ್ವರ ಬಂದ ಮನೆಗಳಲ್ಲಿ ನಾವೂ ನೋಡಿದ್ದೀವಿ, ಸಂಜೆ ಮೇಲೇಳೋಕೆ ಆಗದವರು ಬೆಳಗ್ಗೆ ಎದ್ದು ಕಾಫಿ ಕೇಳ್ತಾರೆ. ಜೊತೆಗೆ ಇನ್ನೊಂದು ಮಾತು. ಅವರು ಕ್ವಾಡ್‌ನಲ್ಲಿ ಸೋತಿದ್ದರೆ, 'ಪಾಪ, ಹುಷಾರಿರಲಿಲ್ಲ' ಅಂತ ಎಲ್ಲರೂ ನಂಬಿಬಿಡುತ್ತಿದ್ದರು. ಗೆದ್ದಿದ್ದೇ ಅವರ ವಿರುದ್ಧದ ಸಾಕ್ಷಿ ಆಯ್ತು.

ನನಗೆ ಈ ಕತೆಯಲ್ಲಿ ಕಾಡೋದು ಇದೇ. ಆಗಸ್ಟ್ 23ರ ದತ್ತು ಮತ್ತು ಆಗಸ್ಟ್ 24ರ ದತ್ತು ಒಬ್ಬರೇ. ಒಂದೇ ಮೈ, ಒಂದೇ ಕೆರೆ. ಒಂದು ದಿನಕ್ಕೆ ದೇಶ ಹಾರ ಹಾಕಿತು, ಇನ್ನೊಂದು ದಿನಕ್ಕೆ ಶಿಕ್ಷೆ ಕೊಟ್ಟಿತು. 1920ರ ಕೆಲ್ಲಿ ಅರ್ಧ ಗಂಟೆ ಬಿಟ್ಟು ಎರಡನ್ನೂ ಗೆದ್ದರು, ಹೀರೋ ಆದರು. ಅವತ್ತು ಕೆಲ್ಲಿಗೂ ಮೊದಲ ರೇಸ್‌ನಲ್ಲಿ ಮೈ ಕೈಕೊಟ್ಟು, ಎರಡನೆಯದರಲ್ಲಿ ಮಾತ್ರ ಗೆದ್ದಿದ್ದರೆ? ಹೆನ್ಲಿಯ ಸಾಹೇಬರು ಏನು ಹೇಳುತ್ತಿದ್ದರು ಅಂತ ಊಹಿಸೋದು ಕಷ್ಟ ಅಲ್ಲ. ಕೂಲಿಯವನಿಗೆ ಶಿಸ್ತು ಇಲ್ಲ ಅನ್ನುತ್ತಿದ್ದರು.

ನಮ್ಮ ವ್ಯವಸ್ಥೆಯ ಒಂದು ವಿಷಯವನ್ನೂ ಹೇಳಲೇಬೇಕು. ಒಬ್ಬನೇ ಮನುಷ್ಯ ಸಿಂಗಲ್ಸ್‌ಗೂ ಬೇಕು, ಕ್ವಾಡ್‌ಗೂ ಬೇಕು ಅನ್ನೋ ಪರಿಸ್ಥಿತಿ ಯಾಕೆ ಬರುತ್ತೆ? ಆ ಮಟ್ಟದ ಆಟಗಾರರು ಬೆರಳೆಣಿಕೆ ಇದ್ದಾಗ. ಇಡೀ ದೇಶದ ರೋಯಿಂಗ್ ಭಾರ ಒಂದು ಸೇನೆಯ ಕೇಂದ್ರದ ಮೇಲೆ, ಅಲ್ಲಿನ ಕೆಲವು ಬೆನ್ನುಗಳ ಮೇಲೆ ನಿಂತಾಗ. ಆ ಬೆನ್ನು ಒಂದು ದಿನ ಕುಸಿದರೆ ವಿಚಾರಣೆ ಆಗೋದು ಬೆನ್ನಿಗೆ, ಭಾರ ಹೇರಿದ್ದಕ್ಕಲ್ಲ.

ನಿಷೇಧ ಪೂರ್ತಿ ನಡೆಯಲಿಲ್ಲ. ದತ್ತು ಮನವಿ ಮಾಡಿಕೊಂಡ ಮೇಲೆ 2020ರ ಜನವರಿಯಲ್ಲಿ ಫೆಡರೇಷನ್ ಅದನ್ನ ಹಿಂದಕ್ಕೆ ತೆಗೆದುಕೊಂಡಿತು. ಆದರೆ ಆ ಹತ್ತು ತಿಂಗಳು ಮಾಮೂಲಿ ತಿಂಗಳುಗಳಲ್ಲ. ಟೋಕಿಯೊ ಒಲಿಂಪಿಕ್ಸ್‌ಗೆ ತಯಾರಿ ನಡೆಯುತ್ತಿದ್ದ ಹೊತ್ತು ಅದು. ಅದೇ 2020ರಲ್ಲಿ ಕೇಂದ್ರ ಸರ್ಕಾರ ದತ್ತು ಅವರಿಗೆ ಅರ್ಜುನ ಪ್ರಶಸ್ತಿ ಕೊಟ್ಟಿತು. ಒಂದೇ ಕೂಟದ ಆಟಕ್ಕೆ ಒಬ್ಬ ಮನುಷ್ಯನಿಗೆ ಚಿನ್ನ ಸಿಕ್ಕಿತು, ನಿಷೇಧ ಸಿಕ್ಕಿತು, ಆಮೇಲೆ ದೇಶದ ದೊಡ್ಡ ಕ್ರೀಡಾ ಗೌರವವೂ ಸಿಕ್ಕಿತು. ಟೋಕಿಯೊದಲ್ಲಿ ಮಾತ್ರ ಅವರ ಹೆಸರು ಇರಲಿಲ್ಲ.

ದೋಣಿಯಲ್ಲಿ ಉಳಿದವನು

ಮುಗಿಸೋ ಮುಂಚೆ ಇನ್ನೊಂದು ದಿನಾಂಕ. 2023ರ ಸೆಪ್ಟೆಂಬರ್ 25, ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್. ಪುರುಷರ ಕ್ವಾಡ್ ಫೈನಲ್. ಚೀನಾ ಚಿನ್ನ, ಉಜ್ಬೇಕಿಸ್ತಾನ ಬೆಳ್ಳಿ, ಭಾರತ ಕಂಚು. ನಮ್ಮವರ ಸಮಯ 6:08.61. ಸತ್ನಾಮ್ ಸಿಂಗ್, ಪರ್ಮಿಂದರ್ ಸಿಂಗ್, ಜಾಕರ್ ಖಾನ್ ಮೂವರೂ ಹೊಸಬರು. ನಾಲ್ಕನೆಯವರು ಸುಖ್‌ಮೀತ್ ಸಿಂಗ್. ಹೌದು, ಪಾಲೆಂಬಾಂಗ್ ದೋಣಿಯಲ್ಲಿದ್ದ ಅದೇ ಮಾನಸಾದ ಸುಖ್‌ಮೀತ್.

ಸಮಯ ನೋಡಿದರೆ ಪಾಲೆಂಬಾಂಗ್‌ಗಿಂತ ಎಂಟೂವರೆ ಸೆಕೆಂಡ್ ಕಡಿಮೆ. ಆದರೂ ಮೂರನೇ ಸ್ಥಾನ. ಗಾಳಿ, ನೀರು ಬೇರೆ ಬೇರೆ ಇರೋದ್ರಿಂದ ಎರಡು ಕೆರೆಗಳ ಸಮಯವನ್ನ ನೇರವಾಗಿ ಹೋಲಿಸಬಾರದು ಅಂತ ಈ ಆಟದವರು ಹೇಳ್ತಾರೆ. ಸರಿಯಾದ ಮಾತು. ಮನುಷ್ಯರನ್ನೂ ಹಾಗೆಯೇ ನೋಡಬೇಕೇನೋ. ಒಂದು ದಿನದ ಗಾಳಿಯನ್ನ ಇನ್ನೊಂದು ದಿನದ ಮೇಲೆ ಹೊರಿಸಬಾರದು.

ಕನ್ನಡದಲ್ಲಿ ಹುಟ್ಟು ಅನ್ನೋ ಪದಕ್ಕೆ ಎರಡು ಅರ್ಥ. ಕೆಲ್ಲಿಯ ಕಾಲದಲ್ಲಿ ಕೈಯಲ್ಲಿ ಯಾವ ಹುಟ್ಟು ಹಿಡಿಯಬಹುದು ಅನ್ನೋದನ್ನ ಮನೆಯ ಹುಟ್ಟೇ ತೀರ್ಮಾನ ಮಾಡ್ತಿತ್ತು. ನೂರು ವರ್ಷದಲ್ಲಿ ಅಷ್ಟು ಬದಲಾಗಿದೆ, ಬಾವಿ ತೋಡಿದ ಹುಡುಗ ಒಲಿಂಪಿಕ್ಸ್‌ಗೆ ಹೋಗಬಲ್ಲ. ಆದರೆ ಅವನು ಒಂದು ದಿನ ಕುಸಿದಾಗ ಅವನ ಮಾತನ್ನ ನಂಬೋ ಅಭ್ಯಾಸ ನಮಗಿನ್ನೂ ಪೂರ್ತಿ ಬಂದಿಲ್ಲ.

ಮುಂದಿನ ಏಷ್ಯನ್ ಗೇಮ್ಸ್ ಬಂದಾಗ ನಾನು ನಮ್ಮೂರ ಆಟಗಾರರನ್ನ ನೋಡೇ ನೋಡ್ತೀನಿ, ಅದರಲ್ಲಿ ಅನುಮಾನ ಬೇಡ. ಅದರ ಜೊತೆ ಬೆಳಗ್ಗೆ ಬೇಗ ಎದ್ದು ಕೆರೆ ಕಡೆಯ ಫೀಡ್ ಕೂಡ ಹಾಕ್ತೀನಿ. ನೀವೂ ಹಾಕಿ. ಆರೇ ನಿಮಿಷದ ಆಟ, ಒಂದು ರೀಲ್ಸ್ ಸೆಷನ್‌ಗಿಂತ ಕಡಿಮೆ.